ಚೀಟಿ ಕಳಚಿದ ಡಬ್ಬಿಗಳು

ನವೆಂಬರ್ 23

ಅಡುಗೆಯವನು ಹಲ್ಲುನೋವೆಂದು ಕೆನ್ನೆ ಹಿಡಿದುಕೊಂಡು ಲಾರಿ ಹತ್ತಿ ಕೆಳಗೆ ಹೋದ. ಅವನು ಹೋದ ಬೆನ್ನಿಗೇ ಹಿಮ ಸುರಿದು ರಸ್ತೆ ಮುಚ್ಚಿತು. ಹಲ್ಲು ಅವನದು, ಶಿಕ್ಷೆ ನಮ್ಮದು. ಸ್ತಾರಾ ಪ್ಲಾನಿನಾ ಬೆಟ್ಟದ ನೆತ್ತಿಯ ಸೇನೆಯ ಈ ರೇಡಿಯೊ ಠಾಣೆಯಲ್ಲಿ ಈಗ ಉಳಿದವರು ನಾಲ್ವರು: ಹವಾಲ್ದಾರ್ ತಿಹೊಮಿರ್, ಸುಬೋತಿತ್ಸಾದ ಗೇಜಾ, ನೋವಿ ಪಜಾರಿನ ಫೆರೀದ್, ಮತ್ತೆ ನಾನು, ವುಕಾಶಿನ್. ಜೊತೆಗೊಂದು ನಾಯಿ. ಅದರ ಹೆಸರು ಮಂತ್ರಿ. ಏನೂ ಕೆಲಸ ಮಾಡದೆ ಎಲ್ಲರಿಗಿಂತ ಮೊದಲು ತಿನ್ನುತ್ತದೆ, ಅದಕ್ಕೆ.

ಮಧ್ಯಾಹ್ನ ಹವಾಲ್ದಾರರು ನಮ್ಮನ್ನು ಸಾಲಾಗಿ ನಿಲ್ಲಿಸಿ, ತುರ್ತು ಪಡಿಯ ಡಬ್ಬಿಗಳನ್ನು ತೆರೆಯುವ ಕಾಲ ಬಂದಿದೆ ಎಂದರು. ರಾಜರ ಖಜಾನೆಗೆ ಬೀಗ ತೆಗೆಯುವವರ ಧಾಟಿ. ನೆಲಮಾಳಿಗೆಗೆ ಇಳಿದು ನೋಡಿದರೆ ಖಜಾನೆಗೆ ನೀರು ಜಿನುಗಿದೆ. ಡಬ್ಬಿಗಳ ಮೇಲಿನ ಚೀಟಿಗಳೆಲ್ಲ ನೆನೆದು ಕಳಚಿ ನೆಲದಲ್ಲಿ ಗಂಜಿಯಾಗಿ ಬಿದ್ದಿವೆ. ಡಬ್ಬಿಗಳೋ ಎಲ್ಲವೂ ಒಂದೇ ಗಾತ್ರ, ಒಂದೇ ದುಂಡು, ಒಂದೇ ಬೂದು ಬಣ್ಣ. ಯಾವುದರಲ್ಲಿ ಏನಿದೆ ಎಂದು ಆ ದೇವರಿಗೇ ಗೊತ್ತು.

ಪರವಾಗಿಲ್ಲ. ನನಗೆ ಡಿಸೆಂಬರ್ ಹದಿನೆಂಟಕ್ಕೆ ರಜೆ ಮಂಜೂರಾಗಿದೆ. ಹತ್ತೊಂಬತ್ತಕ್ಕೆ ನಮ್ಮ ಮನೆದೇವರು ಸಂತ ನಿಕೊಲಾನ ಹಬ್ಬ. ಅಪ್ಪ ಬೇಸಿಗೆಯಲ್ಲಿ ಹೋದ ಮೇಲೆ ಹಬ್ಬ ಹಿರಿಮಗನ ಪಾಲಿಗೆ ಬಂದಿದೆ, ಅಂದರೆ ನನ್ನ ಪಾಲಿಗೆ. ಹಬ್ಬದ ಮೇಣದ ಬತ್ತಿ ನಾನೇ ಹಚ್ಚಬೇಕು. ಅಪ್ಪನ ವಿಷಯ ಇಲ್ಲಿ ಬರೆಯುವುದಿಲ್ಲ. ಈ ಪುಸ್ತಕ ದಿನ ದೂಡುವುದಕ್ಕೆ.

ನವೆಂಬರ್ 25

ಪಡಿಯ ಪೊಟ್ಟಣದಲ್ಲಿ ಏನೇನಿದೆ ಎಂದು ಇವತ್ತು ಸರಿಯಾಗಿ ನೋಡಿದೆ. ಒಂದು ಗೂಢ ಡಬ್ಬಿ. ಹಲ್ಲು ಮುರಿಯುವ ಗೋಧಿ ಬಿಸ್ಕತ್ತು. (ಅಡುಗೆಯವನು ಸಕಾಲಕ್ಕೆ ಹೋದ.) ಪ್ಲಮ್ ಹಣ್ಣಿನ ಜಾಮು, ಸಕ್ಕರೆ, ಉಪ್ಪು, ಚಹಾ, ನೀರಿಗೆ ಹಾಕಿದರೆ ಕೆಂಪಾಗುವ ರಾಸ್ಪ್ಬೆರಿ ಪುಡಿ. ಡಬ್ಬಿ ಬಿಸಿ ಮಾಡಲು ಹೊತ್ತಿಸುವ ಬಿಳಿ ಬಿಲ್ಲೆಗಳು. ಈ ಬಿಲ್ಲೆಗಳಿಗೆ ಥೇಟ್ ಮೀನಿನ ವಾಸನೆ. ಹಾಗಾಗಿ ಹಂದಿ ಮಾಂಸ ತಿಂದರೂ ಮೀನು ತಿಂದ ಹಾಗೆ ಮೂಗಿಗೆ ಅನ್ನಿಸುತ್ತದೆ, ಬಾಯಿಗೆ ಅನ್ನಿಸುವುದಿಲ್ಲ.

ಡಬ್ಬಿಗಳಲ್ಲಿ ಹಂದಿ ಮಾಂಸ ಹಾಕಿದ ಹುರುಳಿಕಾಯಿ ಬೀಜ, ಹಂದಿ ಮಾಂಸ ಹಾಕಿದ ಬಟಾಣಿ, ಬರೀ ಹಂದಿ ಮಾಂಸ, ಲಿವರ್ ಪೇಸ್ಟ್, ಅಪರೂಪಕ್ಕೆ ಎಣ್ಣೆಯಲ್ಲಿ ಅದ್ದಿದ ಮೀನು. ಫೆರೀದ್ ಹಂದಿ ಮುಟ್ಟುವುದಿಲ್ಲ, ಅವನ ಧರ್ಮ. ಆದರೂ ದಿನಾ ಮೀನಿನ ಡಬ್ಬಿಯನ್ನೇ ಆರಿಸಿಕೊಂಡು ಬರುತ್ತಾನೆ, ಕಳ್ಳ. ನೆಲಮಾಳಿಗೆಯಲ್ಲಿ ಅವನ ಹಿಂದೆ ನಿಂತು ನೋಡಿದೆ. ಡಬ್ಬಿಯನ್ನು ಕಿವಿಗೆ ಹಿಡಿದು ಮೆಲ್ಲಗೆ ಒಮ್ಮೆ ಅಲ್ಲಾಡಿಸುತ್ತಾನೆ, ಇಡುತ್ತಾನೆ, ಇನ್ನೊಂದು ತೆಗೆಯುತ್ತಾನೆ. ಸಿಕ್ಕಿಬಿದ್ದ ಮೇಲೆ ಗುಟ್ಟು ಬಿಟ್ಟುಕೊಟ್ಟ.

"‘ಚಳಕ್’ ಅಂದ್ರೆ ಮೀನು. ‘ಧೊಪ್’ ಅಂದ್ರೆ ಹಂದಿ. ಏನೂ ಅನ್ಲಿಲ್ಲ ಅಂದ್ರೆ ಲಿವರ್ ಪೇಸ್ಟು. ಅದಕ್ಕೆ ಮಾತಾಡೋ ಮುಖ ಎಲ್ಲಿದೆ?"

ನವೆಂಬರ್ 29

ಲಿವರ್ ಪೇಸ್ಟನ್ನು ಮಂತ್ರಿಗೆ ಹಾಕಿದೆ. ಮೂಸಿತು, ನನ್ನ ಮುಖ ನೋಡಿತು, ಬೂಟಿನ ಮೇಲೆ ಹಿಮ ಕೆದರಿ ಹೋಯಿತು. ಅಷ್ಟು ಅವಮಾನ ನನಗೆ ಹೆಡ್‌ಮೇಷ್ಟ್ರಿಂದಲೂ ಆಗಿರಲಿಲ್ಲ.

ಭೂಮಿಯ ಮೇಲೆ ಅದನ್ನು ಇಷ್ಟಪಡುವ ಪ್ರಾಣಿ ಒಂದೇ, ಗೇಜಾ. ಕಣ್ಣು ಮುಚ್ಚಿಕೊಂಡು ತಿನ್ನುತ್ತಾನೆ. ಅವನ ಅಜ್ಜಿ ಮಾಡುತ್ತಿದ್ದ ರುಚಿಯಂತೆ. ಆ ಅಜ್ಜಿಯನ್ನು ನೋಡಬೇಕು ಎಂದು ನನಗೂ ಫೆರೀದನಿಗೂ ಕುತೂಹಲ. ಹವಾಲ್ದಾರರು ಮಾತ್ರ ಯಾವ ಡಬ್ಬಿ ಬಂದರೂ ಎದೆಗೆ ಕರವಸ್ತ್ರ ಸಿಕ್ಕಿಸಿಕೊಂಡು, ಚಾಕು ಚಮಚ ಹಿಡಿದು, ತಟ್ಟೆ ತಳ ಕಾಣುವವರೆಗೆ ತಿನ್ನುತ್ತಾರೆ. ಹೇಗಿದೆ ಎಂದು ಗೇಜಾ ಕೇಳಿದ್ದಕ್ಕೆ, ಪಡಿ ಇರುವುದು ಹೇಗಿದೆ ಎಂದು ಕೇಳುವುದಕ್ಕಲ್ಲ, ಇದೆ ಎಂದು ಹೇಳುವುದಕ್ಕೆ ಎಂದರು.

ನನ್ನ ಕಿವಿ ಪಳಗುತ್ತಿದೆ. ಇವತ್ತೂ ಮೀನು ಹೊಡೆದೆ. ಫೆರೀದನಿಗೆ ಹೊಟ್ಟೆಕಿಚ್ಚು.

ಡಿಸೆಂಬರ್ 3

ಮತ್ತೆ ಮೀನು. ಈಗ ನೆಲಮಾಳಿಗೆಯಲ್ಲಿ ನನಗೂ ಫೆರೀದನಿಗೂ ಪೈಪೋಟಿ. ಯಾರು ಮೊದಲು ಎದ್ದು ಇಳಿಯುತ್ತಾರೋ ಅವರಿಗೆ. ಇವತ್ತು ಅವನು ಬೂಟಿಲ್ಲದೆ ಓಡಿಬಂದ. ನಾನು ಅಂಗಿಯಿಲ್ಲದೆ ಓಡಿದ್ದೆ. ನಾನೇ ಗೆದ್ದೆ, ಈಗ ಸೀನುತ್ತಿದ್ದೇನೆ.

ಅಮ್ಮ ಫೋನು ಮಾಡಿದ್ದಳು. ಪಕ್ಕದ ಮನೆಯವರು ಈಗಿನಿಂದಲೇ ಕುರ್ಚಿ ಕೊಡುತ್ತೇವೆ ಎಂದಿದ್ದಾರಂತೆ. ನನ್ನ ಕರಿ ಕೋಟಿಗೆ ಇಸ್ತ್ರಿ ಆಗಿದೆಯಂತೆ. ನನ್ನದಲ್ಲ, ಅಪ್ಪನದು, ತೋಳು ಬಿಚ್ಚಿ ಉದ್ದ ಮಾಡಿಸಿದ್ದಾಳೆ.

ನಮ್ಮಲ್ಲಿ ಹಬ್ಬಕ್ಕೆ ಯಾರನ್ನೂ ಕರೆಯುವ ಹಾಗಿಲ್ಲ. ಬರುವವರು ತಾವೇ ಬರಬೇಕು. ಬಂದವರು ಬಾಗಿಲಲ್ಲಿ "ಹಬ್ಬ ಒಳ್ಳೇದಾಗ್ಲಿ, ಯಜಮಾನ್ರೇ" ಎನ್ನುತ್ತಾರೆ. ಯಜಮಾನ ಎಲ್ಲರನ್ನೂ ಕೂರಿಸುತ್ತಾನೆ, ತಾನು ಮಾತ್ರ ಕೂರುವುದಿಲ್ಲ. ಅಪ್ಪ ಬೆಳಗಿನಿಂದ ಸಂಜೆಯ ತನಕ ನಿಂತೇ ಬಡಿಸುತ್ತಿದ್ದ. "ಏನೂ ತಿಂದೇ ಇಲ್ವಲ್ಲ ನೀವು, ಇನ್ನೊಂಚೂರು" ಎಂದು ಎಲ್ಲರ ಬೆನ್ನ ಹಿಂದೆ ಸುತ್ತುತ್ತಿದ್ದ. ಸಂಜೆ ಅಮ್ಮ ಬೋಗುಣಿಯಲ್ಲಿ ಉಪ್ಪು ಹಾಕಿದ ಬಿಸಿನೀರು ತಂದು ಅವನ ಊದಿದ ಪಾದಗಳನ್ನು ಅದರಲ್ಲಿ ಇಡಿಸುತ್ತಿದ್ದಳು. ಹೋದ ವರ್ಷ ನಾನು ನಕ್ಕಿದ್ದೆ, ಕೂತು ಬಡಿಸಿದರೆ ಸಂತ ಕೋಪಿಸಿಕೊಳ್ಳುತ್ತಾನಾ ಎಂದು ಕೇಳಿದ್ದೆ. ನಾನು ಯಜಮಾನನಾದರೆ ಒಂದು ಗಾಲಿ ಕುರ್ಚಿ ಮಾಡಿಸಿಕೊಳ್ಳುತ್ತೇನೆ ಎಂದೂ ಹೇಳಿದ್ದೆ.

ಬರೆಯುವುದಿಲ್ಲ ಎಂದಿದ್ದೆನಲ್ಲ. ಸಾಕು.

ಡಿಸೆಂಬರ್ 6

ಹಿಮ. ಧೊಪ್. ಹಿಮ.

ಡಿಸೆಂಬರ್ 13

ರಜೆ ಇಲ್ಲ. ಹಿಮ ತೆಗೆಯುವ ಯಂತ್ರ ಕೆಳಗಿನ ತಿರುವಿನಲ್ಲಿ ಹಳ್ಳಕ್ಕೆ ವಾಲಿ ನಿಂತಿದೆ. ಇಪ್ಪತ್ತರ ಒಳಗೆ ಯಾರೂ ಹತ್ತುವಂತಿಲ್ಲ, ಇಳಿಯುವಂತಿಲ್ಲ. ಹವಾಲ್ದಾರರು ರೇಡಿಯೊದಲ್ಲಿ ಬಂದ ಸಂದೇಶ ಓದಿ ಹೇಳಿ, ನನ್ನ ಮುಖ ನೋಡದೆ ಟೋಪಿ ಸರಿಮಾಡಿಕೊಂಡರು.

ನಡೆದೇ ಹೋಗುತ್ತೇನೆ ಎಂದೆ. ನಾಯಿಯೂ ಹೋಗುವುದಿಲ್ಲ ಈ ಹಿಮದಲ್ಲಿ ಎಂದರು. ಅದು ಮಂತ್ರಿ ಸಾಹೇಬ್ರೆ, ಅದು ಎಲ್ಲಿಗೂ ನಡೆದು ಹೋಗಲ್ಲ ಎಂದೆ. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ.

ಅಮ್ಮನಿಗೆ ಫೋನು ಮಾಡಿ ಹೇಳಿದೆ.

"ಇಲ್ಲಿ ನಾನು ಬಾಗ್ಲು ತೆಗೆದಿಟ್ಟಿರ್ತೀನಿ, ಬಂದೋರಿಗೆ ಬಡಿಸ್ತೀನಿ," ಎಂದಳು. "ಬತ್ತಿ ಮಾತ್ರ ನೀನೇ ಹಚ್ಬೇಕಪ್ಪ, ಎಲ್ಲಿದ್ರೆ ಅಲ್ಲಿ. ನಿಮ್ಮಪ್ಪನ ಕಾಲದಲ್ಲಿ ಒಂದು ವರ್ಷವೂ ತಪ್ಪಿಲ್ಲ. ಉಪವಾಸದ ಕಾಲ, ಮಾಂಸ ಸೋಕಿಸ್ಬೇಡ. ಒಂದು ಮೀನಾದ್ರೂ ಇರ್ಲಿ."

ರೊಟ್ಟಿ, ಬೇಯಿಸಿದ ಗೋಧಿ, ದ್ರಾಕ್ಷಾರಸ, ಮೇಣದ ಬತ್ತಿ, ಮೀನು. ಮತ್ತೆ ಕರೆಯದೇ ಬರುವ ಒಬ್ಬ ಅತಿಥಿ. ಈ ಹಾಳು ಬೆಟ್ಟದ ಮೇಲೆ ಇವನ್ನೆಲ್ಲ ಎಲ್ಲಿಂದ ತರಲಿ? ಆದರೂ ತಪ್ಪಿಸುವುದಿಲ್ಲ. ನನ್ನ ಕೈಯಲ್ಲಿ ತಪ್ಪಿತು ಅನ್ನಿಸಿಕೊಳ್ಳುವುದಿಲ್ಲ.

ಡಿಸೆಂಬರ್ 15

ಮೀನಿನದು ಚಿಂತೆಯಿಲ್ಲ, ಕಿವಿ ಇದೆ. ದಿನಕ್ಕೊಂದು ಮೀನಿನ ಡಬ್ಬಿ ಆರಿಸಿ, ತೆರೆಯದೆ ಹಾಸಿಗೆಯ ಕೆಳಗೆ ಕೂಡಿಡುವುದು, ಹಬ್ಬದ ತನಕ ಬಿಸ್ಕತ್ತು ಜಾಮು ತಿಂದುಕೊಂಡಿರುವುದು. ಅದೃಷ್ಟವೂ ಕೂಡಿಬಂದಿದೆ. ನೆಲಮಾಳಿಗೆಯಲ್ಲಿ ಡಬ್ಬಿಗಳು ಹೆಪ್ಪುಗಟ್ಟಿ ಒಡೆಯುತ್ತವೆ ಎಂದು ಹವಾಲ್ದಾರರು ನಿನ್ನೆ ಪೆಟ್ಟಿಗೆಗಳನ್ನೆಲ್ಲ ಮೇಲೆ ತರಿಸಿ ಒಲೆಯ ಪಕ್ಕ ಜೋಡಿಸಿದ್ದಾರೆ. ಇವತ್ತು ಬೆಚ್ಚಗೆ ಕೂತು ಆರಿಸಿದೆ. ಮೊದಲನೆಯದೇ ‘ಚಳಕ್’. ಎರಡನೆಯದೂ ‘ಚಳಕ್’. ಇಷ್ಟು ಮೀನು ಈ ಪೆಟ್ಟಿಗೆಗಳಲ್ಲಿ ಇಷ್ಟು ದಿನ ಎಲ್ಲಿ ಅಡಗಿತ್ತೋ.

ಫೆರೀದ್ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಒಲೆ ಹತ್ರ ಅಲ್ಲಾಡಿಸ್ಬೇಡ ಕಣೋ. ನನ್ ಕಿವಿನೇ ಕೈ ಕೊಡ್ತಿದೆ."

ಎಂಥ ನಾಟಕ. ನಾನು ಕೈಬಿಟ್ಟರೆ ಮೀನೆಲ್ಲ ಅವನಿಗೆ. ನಿನ್ನ ಕಿವಿಗೆ ವಯಸ್ಸಾಯಿತು, ನನ್ನದು ಚೆನ್ನಾಗಿದೆ ಎಂದೆ. ಭುಜ ಕುಣಿಸಿ ಎದ್ದು ಹೋದ. ಮಧ್ಯಾಹ್ನ ಅವನು ತೆರೆದ ಡಬ್ಬಿಯಲ್ಲಿ ಹಂದಿ. ಗೇಜಾನಿಗೆ ಕೊಟ್ಟು, ಬಿಸ್ಕತ್ತು ಕಡಿಯುತ್ತ ಕೂತ. ನನ್ನನ್ನು ನಂಬಿಸಲು ಹಸಿದುಕೊಂಡೂ ಇರುತ್ತಾನೆ, ಅಷ್ಟು ಜಿಗುಟು ಮನುಷ್ಯ.

ಡಿಸೆಂಬರ್ 16

ಹವಾಲ್ದಾರರ ಬಳಿ ಹೋಗಿ ಒಂದು ಮೇಣದ ಬತ್ತಿ ಕೇಳಿದೆ. ಠಾಣೆಯಲ್ಲಿ ಹಬ್ಬಹುಣ್ಣಿಮೆ ಮಾಡುವ ಹಾಗಿಲ್ಲ ಎಂದರು. ಮೇಣದ ಬತ್ತಿ ದೀಪ ಹೋದಾಗ ಬಳಸುವುದಕ್ಕೆ ಇರುವುದು, ದೀಪ ಹೋಗಿಲ್ಲ ಎಂದರು. ತಲೆಯ ಮೇಲಿನ ಬಲ್ಬು ತೋರಿಸಿದರು, ನನಗೇನೋ ಕಣ್ಣು ಕಾಣುವುದಿಲ್ಲ ಎನ್ನುವ ಹಾಗೆ. ಈ ಮನುಷ್ಯನ ಎದೆ ಸೀಳಿದರೂ ಒಳಗೆ ನಿಯಮ ಪುಸ್ತಕವೇ ಸಿಗುತ್ತದೆ.

ಬತ್ತಿಯಿಲ್ಲದಿದ್ದರೆ ಮೀನು ವಾಸನೆಯ ಬಿಳಿ ಬಿಲ್ಲೆಯನ್ನೇ ಹಚ್ಚುತ್ತೇನೆ. ಸಂತ ನಿಕೊಲಾ ಹಡಗಿನವರ ದೇವರು, ಮೀನು ವಾಸನೆ ಅವನಿಗೆ ಹೊಸದಲ್ಲ.

ಡಿಸೆಂಬರ್ 18

ಹಾಸಿಗೆಯ ಕೆಳಗೆ ನಾಲ್ಕು ಡಬ್ಬಿ. ನಾಲ್ಕೂ ‘ಚಳಕ್’ ಎಂದವು. ಗೇಜಾ ಎರಡು ದಿನದಿಂದ ಹಂದಿಯೇ ತೆರೆಯುತ್ತಿದ್ದಾನೆ, ಪಾಪ, ಅವನಿಗೆ ಕಿವಿಯೇ ಇಲ್ಲ.

ಬಿಸ್ಕತ್ತು ತಿಂದು ತಿಂದು ದವಡೆ ಸೋತಿದೆ. ಬಿಸ್ಕತ್ತೂ ಗೋಧಿಯೇ ತಾನೆ. ಒಂದು ಪಾಲನ್ನು ಸೀಸೆಯಿಂದ ಕುಟ್ಟಿ ರವೆ ಮಾಡಿ, ಬಿಸಿನೀರಲ್ಲಿ ನೆನೆಸಿ, ಸಕ್ಕರೆ ಬೆರೆಸಿದೆ. ಬೇಯಿಸಿದ ಗೋಧಿಯಂತೆಯೇ ಕಾಣುತ್ತದೆ, ಕಣ್ಣು ಸ್ವಲ್ಪ ಮುಚ್ಚಿ ನೋಡಿದರೆ. ಇನ್ನೊಂದು ಪಾಲನ್ನು ಚಹಾದಲ್ಲಿ ಕಲಸಿ, ಊಟದ ಪಾತ್ರೆಯಲ್ಲಿ ಒತ್ತಿ ಒಲೆಯೊಳಗಿಟ್ಟು ಸುಟ್ಟೆ. ಮೇಲೆ ಡಬ್ಬಿ ಕೊಯ್ಯುವ ಮೊನೆಯಿಂದ ಶಿಲುಬೆ ಗೀರಿದೆ. ರೊಟ್ಟಿ ಎದ್ದು ಬಂತು. ಮೇಜಿನ ಮೇಲಿಟ್ಟರೆ ಸದ್ದಾಗುತ್ತದೆ. ಗೇಜಾ ಬೆರಳಿಂದ ಬಡಿದು ನೋಡಿ, ಇದು ಯಾವ ಫಿರಂಗಿಯ ಗುಂಡು ಎಂದು ಕೇಳಿದ.

ಅವರನ್ನು ನಾಳೆಗೆ ಕರೆಯಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಕರೆಯುವ ಹಾಗಿಲ್ಲ. ಒಬ್ಬ ರೋಮಿನ ಇಗರ್ಜಿಯವನು, ಒಬ್ಬ ಮಸೀದಿಯವನು, ಮೂರನೆಯವರು ನಿಯಮ ಪುಸ್ತಕದವರು. ಇವರಿಗೆ ಸಂತ ನಿಕೊಲಾ ಏನಾಗಬೇಕು? ನುಂಗಿಕೊಂಡೆ.

ಡಿಸೆಂಬರ್ 19

ಎಲ್ಲವನ್ನೂ ಆದ ಕ್ರಮದಲ್ಲೇ ಬರೆಯುತ್ತೇನೆ.

ಬೆಳಿಗ್ಗೆ ಗಡ್ಡ ಹೆರೆದುಕೊಂಡೆ. ಮೇಜಿಗೆ ಒಗೆದ ಹಾಸಿಗೆ ಬಟ್ಟೆ ಹಾಸಿದೆ. ನಡುವೆ ಸೇನೆಯ ಮೊಹರಿತ್ತು, ಅದರ ಮೇಲೆ ರೊಟ್ಟಿಯಿಟ್ಟು ಮುಚ್ಚಿದೆ. ಲೋಟಗಳಲ್ಲಿ ರಾಸ್ಪ್ಬೆರಿ ನೀರು. ಗೋಧಿ. ಬಿಳಿ ಬಿಲ್ಲೆ. ಡಬ್ಬಿಗಳನ್ನು ಒಲೆಯ ಅಂಚಿನಲ್ಲಿ ಬೆಚ್ಚಗಿಟ್ಟೆ. ಇಷ್ಟೆಲ್ಲ ಮುಗಿಸಿ ತಿರುಗಿ ನೋಡಿದರೆ ಕೋಣೆಯಲ್ಲಿ ಯಾರೂ ಇಲ್ಲ. ಫೆರೀದ್ ಇಲ್ಲ, ಗೇಜಾ ಇಲ್ಲ, ಹವಾಲ್ದಾರರಿಲ್ಲ. ನಾಯಿಯೂ ಇಲ್ಲ.

ಬೇಕೆಂದೇ ಎದ್ದು ಹೋಗಿದ್ದಾರೆ ಅನ್ನಿಸಿತು. ನನ್ನ ಹಬ್ಬ ನನಗೆ ಬಿಟ್ಟು ಹೋಗಿದ್ದಾರೆ. ಕೂರಲು ಮನಸ್ಸಾಗದೆ ಮೇಜಿನ ತುದಿಯಲ್ಲಿ ನಿಂತೆ. ಕಿಟಕಿಗಳಿಗೆ ಹಿಮ ಅಡರಿದೆ, ಹೊರಗೇನೂ ಕಾಣದು. ಯಾರೂ ಬರದ ಹಬ್ಬ ನಮ್ಮ ಮನೆಯಲ್ಲಿ ಎಂದೂ ಆಗಿಲ್ಲ. ನನಗೆ ಭಯವಾಯಿತು, ನಿಜವಾದ ಭಯ, ಮಗುವಾಗಿದ್ದಾಗ ಸಂತೆಯಲ್ಲಿ ಅಪ್ಪನ ಕೈ ತಪ್ಪಿದಾಗ ಆದಂಥದು.

ಆಗ ಬಾಗಿಲು ಬಡಿದ ಸದ್ದಾಯಿತು. ಈ ಠಾಣೆಯ ಬಾಗಿಲನ್ನು ಯಾರೂ ಬಡಿಯುವುದಿಲ್ಲ, ಒದೆಯುತ್ತಾರೆ. ತೆಗೆದೆ. ಫೆರೀದ್ ಮತ್ತು ಗೇಜಾ ಸೊಂಟದ ತನಕ ಹಿಮ ಮೆತ್ತಿಕೊಂಡು ನಿಂತಿದ್ದರು. ಹಿಂದಿನ ಬಾಗಿಲಿಂದ ಹೊರಬಿದ್ದು, ಠಾಣೆಯನ್ನು ಸುತ್ತಿ, ಅತಿಥಿಗಳು ಬರುವ ಹಾಗೆ ಮುಂದಿನಿಂದ ಬಂದಿದ್ದರು. ಮಂತ್ರಿಯೂ ಬಂದಿತ್ತು. ಫೆರೀದ್ ಟೋಪಿ ತೆಗೆದ.

"ಹಬ್ಬ ಒಳ್ಳೇದಾಗ್ಲಿ, ಯಜಮಾನ್ರೇ," ಎಂದ.

ನಾನು ಹಿಂತಿರುಗಿ ನೋಡಿದೆ, ನನ್ನ ಹಿಂದೆ ಯಾರಿದ್ದಾರೆ ಎಂದು. ಯಾರೂ ಇರಲಿಲ್ಲ.

ಬನ್ನಿ, ಬನ್ನಿ ಎಂದೆ. ಕೋಟು ಬಿಚ್ಚಿಸಿಕೊಂಡೆ, ಕೂರಿಸಿದೆ. ಫೆರೀದ್ ಕೂಡಿಟ್ಟಿದ್ದ ಜಾಮಿನ ಪೊಟ್ಟಣಗಳನ್ನು ಮೇಜಿನ ಮೇಲೆ ಸುರಿದ. ಅವನೂ ಇಷ್ಟು ದಿನ ಬರೀ ಬಿಸ್ಕತ್ತೇ ತಿಂದಿದ್ದ ಅಂತಾಯಿತು. ಗೇಜಾ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಡಬ್ಬಿ ಕೊಟ್ಟ. ಅಲ್ಲಾಡಿಸುವ ಅಗತ್ಯವಿರಲಿಲ್ಲ, ಲಿವರ್ ಪೇಸ್ಟು. ಅವನ ಬಳಿ ಇದ್ದ ಅತ್ಯಂತ ಪ್ರೀತಿಯ ವಸ್ತು. ಎರಡೂ ಕೈಯಲ್ಲಿ ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ.

ಮತ್ತೆ ಬಾಗಿಲು ಬಡಿಯಿತು. ಹವಾಲ್ದಾರರು. ಇಸ್ತ್ರಿ ಮಾಡಿದ ಸಮವಸ್ತ್ರ, ಎದೆಯಲ್ಲಿ ಪದಕ. ಸೆಟೆದು ನಿಂತು ಅವರೂ ಅದೇ ಮಾತು ಹೇಳಿದರು, ಯಜಮಾನ್ರೇ ಎಂದು, ನನಗೆ. ಮೇಜಿನ ಮೇಲಿನ ಬಿಳಿ ಬಿಲ್ಲೆಯನ್ನು ನೋಡಿ ಮೂಗು ಮುರಿದರು. ನೇರ ಗೋಡೆಯ ಬಳಿಗೆ ನಡೆದು ದೀಪದ ಗುಂಡಿ ಒತ್ತಿದರು. ಕೋಣೆ ಕತ್ತಲಾಯಿತು.

"ದೀಪ ಹೋಗಿದೆ," ಎಂದರು, ಅದೇ ಗಡಸು ದನಿಯಲ್ಲಿ, ಮತ್ತು ಜೇಬಿನಿಂದ ಮೇಣದ ಬತ್ತಿ ತೆಗೆದು ನನ್ನ ಕೈಗಿಟ್ಟರು.

ಹಚ್ಚಿದೆ. ಒಂದೇ ಕಡ್ಡಿಗೆ ಹತ್ತಿತು. ಅಮ್ಮ ಹೇಳಿಕೊಟ್ಟಂತೆ ಪ್ರಾರ್ಥನೆ ಹೇಳಿದೆ. ರೊಟ್ಟಿ ಮುರಿಯಲು ನಾನೂ ಹವಾಲ್ದಾರರೂ ಎರಡೂ ಕಡೆ ಹಿಡಿದು ಎಳೆದೆವು, ಕೊನೆಗೆ ಗೇಜಾನ ಮೊಣಕಾಲು ಬೇಕಾಯಿತು.

ಆಮೇಲೆ ಮೀನು. ಡಬ್ಬಿ ಕೊಯ್ಯುವಾಗ ನಾನು ಏನೋ ದೊಡ್ಡ ಬೆಸ್ತನ ಗತ್ತಿನಲ್ಲಿದ್ದೆ. ಮೊದಲ ಡಬ್ಬಿ: ಹಂದಿ, ಹುರುಳಿಕಾಯಿ ಬೀಜ. ನಗುತ್ತ ಬದಿಗಿಟ್ಟೆ. ಎರಡನೆಯದು: ಹಂದಿ, ಬಟಾಣಿ. ಮೂರನೆಯದು: ಹಂದಿ. ನಾಲ್ಕನೆಯದನ್ನು ತೆರೆಯುವಾಗ ಮೂವರೂ ಮೇಜಿನ ಮೇಲೆ ಬಗ್ಗಿದರು. ಹಂದಿ. ನಾಲ್ಕರಲ್ಲೂ ಕೊಬ್ಬು ಒಲೆಯ ಬಿಸಿಗೆ ಕರಗಿ ಎಣ್ಣೆಯಂತೆ ತೆಳ್ಳಗೆ ತುಳುಕುತ್ತಿತ್ತು. ಅದೇ ‘ಚಳಕ್’. ತಣ್ಣಗಿದ್ದಿದ್ದರೆ ‘ಧೊಪ್’ ಅನ್ನುತ್ತಿತ್ತು. ಫೆರೀದ್ ಸತ್ಯವನ್ನೇ ಹೇಳಿದ್ದ. ನಾನು ಅವನನ್ನು ಕಳ್ಳ ಅಂದುಕೊಂಡಿದ್ದೆ.

ಉಪವಾಸದ ದಿನ, ಸಂತನ ಬತ್ತಿಯ ಮುಂದೆ, ನನ್ನ ಕೈಯಾರೆ ನಾಲ್ಕು ಡಬ್ಬಿ ಹಂದಿ. ಭೂಮಿ ಬಾಯಿ ಬಿಟ್ಟರೆ ಇಳಿದು ಹೋಗುತ್ತಿದ್ದೆ, ಕೆಳಗೆ ನೆಲಮಾಳಿಗೆ ಇದೆ ಅಷ್ಟೆ. ಫೆರೀದ್ ಮೇಜಿನ ಬಟ್ಟೆಯ ಅಂಚನ್ನು ನೋಡುತ್ತ ಕೂತ. ನಾನು ಹೇಳಿರಲಿಲ್ಲವಾ ಎಂದು ಒಂದು ಮಾತು ಆಡಲಿಲ್ಲ.

ಹವಾಲ್ದಾರರು ಡಬ್ಬಿಗಳನ್ನು ನೋಡಿದರು, ಬತ್ತಿಯನ್ನು ನೋಡಿದರು, ಕರವಸ್ತ್ರವನ್ನು ಎದೆಗೆ ಸಿಕ್ಕಿಸಿಕೊಂಡರು.

"ಮಂತ್ರಿಗಳಿಗೆ ಬಡಿಸ್ರಿ," ಎಂದರು. "ಅವ್ರಿಗೆ ಉಪವಾಸ ಇಲ್ಲ."

ಮಂತ್ರಿಗೆ ಜನ್ಮದಲ್ಲಿ ಅಂಥ ಹಬ್ಬ ಆಗಿರಲಿಲ್ಲ. ಗೇಜಾ ಒಂದೇ ಒಂದು ಸಲ ಆ ಕಡೆ ನೋಡಿ ನಿಟ್ಟುಸಿರು ಬಿಟ್ಟು, ಬಿಸ್ಕತ್ತಿಗೆ ಜಾಮು ಸವರಿಕೊಂಡ. ಮೂವರೂ ಗೋಧಿ ತಿಂದರು, ರೊಟ್ಟಿಯನ್ನು ಚಹಾದಲ್ಲಿ ಅದ್ದಿ ಚೀಪಿದರು. ಏನೂ ತಿಂದೇ ಇಲ್ಲವಲ್ಲ ನೀವು, ಇನ್ನೊಂಚೂರು, ಇನ್ನೊಂಚೂರು ಎಂದು ಬಡಿಸಿದೆ. ಹವಾಲ್ದಾರರು ಲೋಟ ಎತ್ತಿ ಅಪ್ಪನ ಹೆಸರು ಕೇಳಿದರು. ರಾದಿಶಾ ಎಂದೆ. ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿ ತಿಂಗಳುಗಳೇ ಆಗಿದ್ದವು. ರಾದಿಶಾನ ಆತ್ಮಕ್ಕೆ ಶಾಂತಿ ಎಂದು ಎಲ್ಲರೂ ಕೆಂಪು ನೀರು ಕುಡಿದರು. ಫೆರೀದ್ ಕೂಡ ತನ್ನ ಧರ್ಮದ ಪ್ರಾರ್ಥನೆಯೊಂದನ್ನು ಮೆಲ್ಲಗೆ ಹೇಳಿದ. ಗೇಜಾ ಅಜ್ಜಿಯ ಕಥೆ ಹೇಳಿದ, ಹವಾಲ್ದಾರರು ಹಾಡೊಂದು ಹಾಡಿದರು, ಶ್ರುತಿ ಇರಲಿಲ್ಲ, ನಿಯಮ ಮಾತ್ರ ಇತ್ತು. ಕೂತ್ಕೊಳೋ ಮಾರಾಯ ಎಂದು ಗೇಜಾ ನಡುನಡುವೆ ಹೇಳುತ್ತಿದ್ದ. ಲೋಟಗಳು ಖಾಲಿಯಾಗುತ್ತಿದ್ದವು, ಕೂರುವುದು ಎಲ್ಲಿ ಬಂತು?

ಈಗ ಸಂಜೆ. ಪಾದ ಊದಿ ಬೂಟು ಕಿತ್ತು ಬರಲಿಲ್ಲ, ಫೆರೀದ್ ಎಳೆದು ತೆಗೆದ. ಈ ವರ್ಷದ ಬೂಟುಗಳೇ ಸರಿಯಿಲ್ಲ, ದೂರು ಕೊಡಬೇಕು. ಬಿಸ್ಕತ್ತಿನ ದೊಡ್ಡ ಡಬ್ಬಕ್ಕೆ ಬಿಸಿನೀರು ಸುರಿದು, ಉಪ್ಪಿನ ಪೊಟ್ಟಣಗಳನ್ನು ಹರಿದು ಹಾಕಿ, ಕಾಲು ಅದರಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಹಾಯಾಗಿದೆ.

ಡಿಸೆಂಬರ್ 20

ದಾರಿ ತೆರೆಯಿತು ಎಂದು ರೇಡಿಯೊದಲ್ಲಿ ಹೇಳಿದರು. ನಾಳೆ ಲಾರಿ ಬರುತ್ತದೆ, ಅಡುಗೆಯವನೂ ಬರುತ್ತಾನೆ, ಹಲ್ಲಿಲ್ಲದೆ.

ಮಧ್ಯಾಹ್ನ ಪೆಟ್ಟಿಗೆಯಿಂದ ಒಂದು ಡಬ್ಬಿ ತೆಗೆದೆ. ಅಲ್ಲಾಡಿಸಲಿಲ್ಲ. ಇನ್ನು ಜೀವನದಲ್ಲಿ ಯಾವ ಡಬ್ಬಿಯನ್ನೂ ಅಲ್ಲಾಡಿಸುವುದಿಲ್ಲ. ಕೊಯ್ದೆ.

ಮೀನು. ಎಣ್ಣೆಯಲ್ಲಿ ಒತ್ತೊತ್ತಾಗಿ ಮಲಗಿದ ದಪ್ಪ ಮೀನು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ, ಅಪ್ಪನಿಗೆ ಇದನ್ನು ಹೇಳಲೇಬೇಕು ಅಂದುಕೊಂಡೆ, ಅಂದುಕೊಂಡ ಮೇಲೆ ಅಳು ಬಂತು. ಮಣ್ಣು ಮಾಡಿದ ದಿನವೂ ಬಂದಿರಲಿಲ್ಲ. ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಅತ್ತೆ.

ಫೆರೀದ್ ಓಡಿಬಂದು, ಕೆಟ್ಟು ಹೋಗಿದೆಯಾ ಎಂದು ಕೇಳಿದ. ಇಲ್ಲ, ತುಂಬಾ ಚೆನ್ನಾಗಿದೆ ಎಂದೆ. ಎರಡು ಚಮಚ ತಂದ. ಒಲೆಯ ಪಕ್ಕ ಕೂತುಕೊಂಡು ಇಬ್ಬರೂ ತಿಂದೆವು.